ಕಡತವೂ ಕ್ಯಾಮೆರಾ ಕಾರ್ಡೂ

ಗಣಕಯಂತ್ರದ 'ಫೈಲ್' ಎಂಬುದಕ್ಕೆ ನಾವು ಕನ್ನಡದಲ್ಲಿ 'ಕಡತ' ಎಂದು ಬರೆಯುತ್ತೇವೆ. ಸರ್ಕಾರಿ ಕಚೇರಿಯ ಕೆಂಪು ದಾರದ ಕಟ್ಟಿಗೂ ಇದೇ ಹೆಸರು. ಆದರೆ ಹಿಂದಿನವರ ಕಡತ ಕಾಗದದ್ದಲ್ಲ, ಬಟ್ಟೆಯದು. ಹತ್ತಿಯ ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ೧೮೧೦ರಲ್ಲಿ ಹೊರಬಂದ ತನ್ನ ಇತಿಹಾಸಗ್ರಂಥದಲ್ಲಿ ಈ ಕಡತವನ್ನು ಕುತೂಹಲದಿಂದ ವರ್ಣಿಸಿದ್ದಾನೆ. ಅಗಲ ಒಂದಡಿಯೊಳಗೆ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ. ಸ್ಲೇಟಿನ ಬರಹದಂತೆ ಇದನ್ನೂ ಒರೆಸಿ ಮತ್ತೆ ಬರೆಯಬಹುದು. ಒರೆಸದಿದ್ದರೆ ಬಹುಕಾಲ ನಿಲ್ಲುತ್ತದೆ. ಶೃಂಗೇರಿ ಮಠದ ಕಡತಗಳನ್ನು ವಿದ್ವಾಂಸರು ಇಂದಿಗೂ ಓದಿ ಚರಿತ್ರೆ ಬರೆಯುತ್ತಿರುವುದೇ ಇದಕ್ಕೆ ಸಾಕ್ಷಿ.

ಹಳೆಯ ಹೆಸರನ್ನು ಹೊಸ ವಸ್ತುವಿಗೆ ಇಟ್ಟ ಪುಣ್ಯಾತ್ಮರು ಯಾರೋ ಕಾಣೆ. ಹೆಸರೇನೋ ಚೆನ್ನಾಗಿಯೇ ಒಪ್ಪಿದೆ. ಆದರೆ ಒಂದು ವ್ಯತ್ಯಾಸವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಬಟ್ಟೆಯ ಕಡತವನ್ನು ಒರೆಸಿದರೆ ಬರಹ ಹೋಗುತ್ತದೆ. ಕ್ಯಾಮೆರಾದ ಕಾರ್ಡಿನಲ್ಲಿರುವ ಕಡತವನ್ನು 'ಅಳಿಸು' ಎಂದರೆ ಬರಹ ಹೋಗುವುದಿಲ್ಲ. ಹೋಗುವುದು ಅದರ ಹೆಸರು ಮಾತ್ರ.

ಈ ವಿಷಯ ನನಗೆ ಪುಸ್ತಕದಿಂದ ತಿಳಿದುದಲ್ಲ. ನಮ್ಮ ಕಾಲೇಜಿನ ವಿದ್ಯಾರ್ಥಿಗಳ ತಂಡವೊಂದನ್ನು ಎರಡು ದಿನ ಶಾಸನ ನೋಡಲು ಕರೆದೊಯ್ದಿದ್ದೆ. ಮೊದಲು ರಾಯಚೂರಿನ ಕೋಟೆ. ಅಲ್ಲಿ ೧೨೯೪ರ ತೆಲುಗು ಶಾಸನವಿರುವ ನಲವತ್ತೊಂದು ಅಡಿಗೂ ಮಿಕ್ಕ ಉದ್ದದ ಕಲ್ಲು ಗೋಡೆಯಲ್ಲಿದೆ. ಕಾಕತೀಯ ಪ್ರತಾಪರುದ್ರನ ಕಾಲದ್ದು. ಆ ಕಲ್ಲನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲಿನಿಂದ ಎಳೆತರುತ್ತಿರುವ ಚಿತ್ರವನ್ನೂ ಅಲ್ಲಿಯೇ ಗೀರಿದ್ದಾರೆ. ಕಲ್ಲು ತನ್ನ ಪ್ರಯಾಣದ ಫೋಟೋ ತಾನೇ ಇಟ್ಟುಕೊಂಡಂತೆ! ಅಲ್ಲಿಂದ ದೇವದುರ್ಗ ತಾಲ್ಲೂಕಿನ ಗಬ್ಬೂರಿಗೆ ಹೋದೆವು. ಗುಡಿಗಳೂ ಶಾಸನಗಳೂ ಗಬ್ಬೂರಿನಲ್ಲಿ ಎಷ್ಟಿವೆಯೆಂದರೆ ಒಂದು ದಿನ ಸಾಲದು. ಸಂಜೆ ಅದೇ ಸೀಮೆಯ ಸಣ್ಣ ಊರೊಂದರಲ್ಲಿ ಹನುಮಪ್ಪನ ಕಟ್ಟೆಯ ಪಕ್ಕ ನಿಂತಿದ್ದ ಸವೆದ ಬರಹದ ಕಲ್ಲೊಂದನ್ನು ಹುಡುಗರು ಕಂಡು ಚಿತ್ರ ತೆಗೆದರು. ಮಾರನೆಯ ದಿನ ಮಾನ್ವಿಯಲ್ಲಿ ಚಹಾ ಕುಡಿಯುವಾಗ ಒಬ್ಬ ಹುಡುಗ ಕೈ ಅಲುಗಿದ ಒಂದು ಚಿತ್ರವನ್ನು ಅಳಿಸಲು ಹೋಗಿ 'ಎಲ್ಲವನ್ನೂ' ಎಂಬುದನ್ನು ಒತ್ತಿದ. ಇನ್ನೂರ ಹದಿನಾಲ್ಕು ಚಿತ್ರಗಳು ಕಣ್ಣೆದುರಿಗೇ ಮಾಯವಾದುವು. ಪಾಪ, ಆ ಹುಡುಗನ ಚಹಾ ಹಾಗೆಯೇ ಆರಿತು. ಅವನು ಬಾಯಿಬಿಡುವ ಮುಂಚೆ ಇನ್ನೊಬ್ಬನು ಅದೇ ಕ್ಯಾಮೆರಾದಿಂದ ಗೆಳೆಯರ ಹನ್ನೊಂದು ಚಿತ್ರ ತೆಗೆದಿದ್ದ. ಈ ಹನ್ನೊಂದೇ ನಿಜವಾದ ಕೇಡು. ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಕಾರ್ಡಿನಲ್ಲಿ ಚಿತ್ರಗಳನ್ನು ಇಡುವ ಕ್ರಮ ನಮ್ಮ ಕುಲಕರ್ಣಿಗಳ ದಫ್ತರದಂತೆಯೇ. ಮುಂದೆ ಒಂದು ಪಟ್ಟಿ. ಯಾವ ಹೆಸರಿನ ಚಿತ್ರ ಯಾವ ಮನೆಯಿಂದ ಆರಂಭ, ಮುಂದಿನ ತುಂಡು ಯಾವ ಮನೆಯಲ್ಲಿ ಎಂಬ ಲೆಕ್ಕ. ಹಿಂದೆ ಮನೆಗಳ ತುಂಬ ಚಿತ್ರದ ಸರಕು. 'ಫ್ಯಾಟ್' ಎಂದು ಕರೆಯುವ ಈ ಪಟ್ಟಿಯ ಪದ್ಧತಿ ೧೯೭೭ರಲ್ಲಿ ಮೈಕ್ರೋಸಾಫ್ಟ್ ಕಂಪನಿಯಲ್ಲಿ ಹುಟ್ಟಿತು. ಅಳಿಸು ಎಂದಾಗ ಯಂತ್ರ ಮಾಡುವುದು ಎರಡೇ ಕೆಲಸ. ಹೆಸರಿನ ಮೊದಲ ಅಕ್ಷರವನ್ನು ತೆಗೆದು ಆ ಜಾಗದಲ್ಲಿ ೨೨೯ ಎಂಬ ಗುರುತಿನ ಸಂಖ್ಯೆಯನ್ನಿಡುತ್ತದೆ. ಮನೆಗಳು ಖಾಲಿ ಎಂದು ಲೆಕ್ಕದಲ್ಲಿ ಬರೆಯುತ್ತದೆ. ಮನೆಯೊಳಗಿನ ಸರಕನ್ನು ಅದು ಮುಟ್ಟುವುದೇ ಇಲ್ಲ. ಹೊಸ ಬಾಡಿಗೆಯವರು ಬರುವ ತನಕ ಹಳೆಯವರ ಸಾಮಾನು ಅಲ್ಲಿಯೇ ಬಿದ್ದಿರುತ್ತದೆ.

ಈ ಗುಟ್ಟನ್ನು ಮೊದಲು ಮಾರಿ ಹೆಸರಾದವನು ಅಮೆರಿಕದ ಪೀಟರ್ ನಾರ್ಟನ್. ೧೯೮೨ರಲ್ಲಿ ಅವನು ಹೊರತಂದ ಸಾಧನಗಳ ಕಂತೆಯಲ್ಲಿ ಅಳಿಸಿದ ಕಡತವನ್ನು ಮರಳಿ ತರುವ ಉಪಾಯವೇ ಜನರ ಮನಸ್ಸನ್ನು ಗೆದ್ದಿತು. ಕಾರ್ಡಿನ ಚರಿತ್ರೆ ಅದರ ನಂತರದ್ದು. ೧೯೮೪ರಲ್ಲಿ ತೋಷಿಬಾ ಕಂಪನಿಯ ಫುಜಿಯೋ ಮಸುವೋಕ ಎಂಬವರು ವಿದ್ಯುತ್ತು ನಿಂತರೂ ನೆನಪು ಉಳಿಯುವ ಹೊಸ ಬಗೆಯ ಚಿಪ್ಪನ್ನು ಲೋಕಕ್ಕೆ ತೋರಿಸಿದರು. ಒಂದು ಗುಂಪು ಮನೆಗಳನ್ನು ಒಟ್ಟಿಗೇ ಅಳಿಸುವ ಅದರ ರೀತಿ ಕ್ಯಾಮೆರಾದ ಮಿಂಚನ್ನು ನೆನಪಿಗೆ ತರುತ್ತದೆಂದು ಅವರ ಸಹೋದ್ಯೋಗಿಯೊಬ್ಬರು ಅದಕ್ಕೆ 'ಫ್ಲಾಶ್' ಎಂಬ ಹೆಸರನ್ನು ಸೂಚಿಸಿದರಂತೆ. ಮುಂದೆ ಅದು ಕ್ಯಾಮೆರಾದ ಹೊಟ್ಟೆಯನ್ನೇ ಸೇರಿತು. ಈಗ ಬಳಕೆಯಲ್ಲಿರುವ ಎಸ್‌ಡಿ ಕಾರ್ಡು ೧೯೯೯ರಲ್ಲಿ ಮೂರು ಕಂಪನಿಗಳು ಸೇರಿ ರೂಪಿಸಿದುದು.

ಇನ್ನು ನಮ್ಮ ಹುಡುಗರ ಕಥೆ. ಕಾರ್ಡನ್ನು ಕ್ಯಾಮೆರಾದಿಂದ ತೆಗೆಸಿದೆವು. ಅದರ ಅಂಚಿನಲ್ಲಿರುವ ಚಿಕ್ಕ ಬೀಗವನ್ನು ಜಾರಿಸಿದರೆ ಕಾರ್ಡಿನ ಮೇಲೆ ಮತ್ತೇನನ್ನೂ ಬರೆಯಲಾಗುವುದಿಲ್ಲ, ಅದನ್ನೂ ಜಾರಿಸಿದೆವು. ರಾಯಚೂರಿಗೆ ಬಂದ ಮೇಲೆ ಗಣಕ ಬಲ್ಲ ಹಳೆಯ ವಿದ್ಯಾರ್ಥಿಯೊಬ್ಬನು 'ಫೋಟೋರೆಕ್' ಎಂಬ ಸಾಧನವನ್ನು ಕೂಡಿಸಿದ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಎಂಬವರು ರಚಿಸಿ ಕಾಸು ತೆಗೆದುಕೊಳ್ಳದೆ ಲೋಕಕ್ಕೆ ಕೊಟ್ಟದ್ದು ಅದು. ಅದು ಕೆಲಸ ಮಾಡುವ ಬಗೆಯನ್ನು ಕೇಳಿ ನಾನು ಬೆರಗಾದೆ. ಪಟ್ಟಿಯನ್ನು ಅದು ನಂಬುವುದೇ ಇಲ್ಲ. ಮನೆ ಮನೆಗೂ ಹೋಗಿ ಹುಡುಕುತ್ತದೆ. ಜೆಪೆಗ್ ಬಗೆಯ ಪ್ರತಿಯೊಂದು ಚಿತ್ರವೂ ೨೫೫, ೨೧೬ ಎಂಬ ಎರಡು ಸಂಖ್ಯೆಗಳಿಂದ ಆರಂಭವಾಗಿ ೨೫೫, ೨೧೭ ಎಂಬ ಎರಡರಿಂದ ಮುಗಿಯುತ್ತದೆ. ಶಾಸನ ಓದಿದವರಿಗೆ ಇದು ಹೊಸದಲ್ಲ. 'ಸ್ವಸ್ತಿ ಶ್ರೀ' ಕಂಡರೆ ಇಲ್ಲಿಂದ ಶುರು, 'ಮಂಗಳ ಮಹಾಶ್ರೀ' ಕಂಡರೆ ಇಲ್ಲಿಗೆ ಮುಗಿಯಿತು ಎಂದು ನಾವೂ ತಿಳಿಯುವುದಿಲ್ಲವೆ? ನಡುವೆ ಎಷ್ಟು ಸವೆದಿದ್ದರೂ ಈ ಎರಡು ಗುರುತು ಸಿಕ್ಕರೆ ಧೈರ್ಯ ಬರುತ್ತದೆ.

ಚಿತ್ರಗಳು ಬಂದುವು, ಆದರೆ ಹೆಸರಿಲ್ಲದೆ ಬಂದುವು. ಸಾಧನ ತಾನೇ ಒಂದೊಂದಕ್ಕೆ ಒಂದೊಂದು ಸಂಖ್ಯೆ ಹಾಕಿತ್ತು. ಯಾವುದು ಎಲ್ಲಿಯದೆಂಬುದನ್ನು ಚಿತ್ರದೊಳಗೇ ಅಡಗಿದ್ದ ದಿನಾಂಕ ವೇಳೆಗಳಿಂದ ನಾವು ಊಹಿಸಬೇಕಾಯಿತು.

ಮೈ ಉಳಿದು ಹೆಸರು ಹೋಗುವ ಈ ಸ್ಥಿತಿ ನಮ್ಮ ಜಿಲ್ಲೆಗೆ ಹಳೆಯ ಪರಿಚಯ. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟನ್ನು ಒಡೆದಾಗ ಆ ಕಂಬ ಬಂಡೆಗಳ ಮಾತೆಲ್ಲ ಹೊರಬಂದಿತು. ಆದರೆ ಆಡಿದವನು 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬಷ್ಟೇ. ಸಿಂಹಳದ ಬೌದ್ಧಗ್ರಂಥಗಳ ಆಧಾರದಿಂದ ಇವನೇ ಅಶೋಕನೆಂದು ಜಾರ್ಜ್ ಟರ್ನರ್ ಗುರುತಿಸಿದರೂ ಕಲ್ಲಿನ ಬಾಯಿಂದ ಆ ಹೆಸರು ಹೊರಟಿರಲಿಲ್ಲ. ೧೯೧೫ರಲ್ಲಿ ನಿಜಾಮರ ಸೀಮೆಯಲ್ಲಿ ಚಿನ್ನದ ಗಣಿಯ ಕೆಲಸದಲ್ಲಿದ್ದ ಬೀಡನ್ ಎಂಬ ಇಂಜಿನಿಯರನು ಮಸ್ಕಿಯ ಗುಡ್ಡದಲ್ಲಿ ಬಂಡೆಯ ಬರಹವನ್ನು ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದರಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿತ್ತು. ಎಪ್ಪತ್ತೆಂಟು ವರ್ಷ ಹೆಸರಿಲ್ಲದೆ ಓದಿಸಿಕೊಂಡ ಶಾಸನಗಳಿಗೆಲ್ಲ ಒಡೆಯನ ಹೆಸರು ರಾಯಚೂರು ಜಿಲ್ಲೆಯ ಬಂಡೆಯಿಂದ ಸಿಕ್ಕಿತು. ಅಷ್ಟು ಕಾಲವೂ ಆ ಬಂಡೆಯ ಮೇಲೆ ಬೇರೆ ಯಾರೂ ಏನನ್ನೂ ಕೆತ್ತಿರಲಿಲ್ಲ ಎಂಬುದೇ ಭಾಗ್ಯ.

ಭೀಮಾ ತೀರದ ಸನ್ನತಿಯಲ್ಲಿ ಆ ಭಾಗ್ಯ ಪೂರ್ತಿ ಇರಲಿಲ್ಲ. ಅಲ್ಲಿಯ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಯ ಗುಡಿ ಕುಸಿದಾಗ, ೧೯೮೦ರ ದಶಕದ ಕೊನೆಯ ವರ್ಷಗಳಲ್ಲಿ, ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನವೆಂದು ಗೊತ್ತಾಯಿತು. ವಿಗ್ರಹವನ್ನು ನಿಲ್ಲಿಸಲು ಹಿಂದಿನವರು ಅದರ ನಡುವೆ ಕುಳಿ ತೋಡಿದ್ದರು. ಕುಳಿಯ ಜಾಗದ ಅಕ್ಷರಗಳು ಹೋದುವು, ಸುತ್ತಲಿನವು ನಿಂತಿವೆ.

ಗ್ರೀಕ್ ಪಂಡಿತ ಆರ್ಕಿಮಿಡೀಸನ ಗ್ರಂಥದ ಹತ್ತನೆಯ ಶತಮಾನದ ಪ್ರತಿಯನ್ನು ಹದಿಮೂರನೆಯ ಶತಮಾನದಲ್ಲಿ ಕೆರೆದು ಅದರ ಮೇಲೆ ಪ್ರಾರ್ಥನೆಗಳನ್ನು ಬರೆದಿದ್ದರು. ನಾನಾ ಬಣ್ಣದ ಬೆಳಕು ಹಾಯಿಸಿ ವಿದ್ವಾಂಸರು ಈ ಶತಮಾನದ ಮೊದಲ ದಶಕದಲ್ಲಿ ಕೆಳಗಿನ ಬರಹವನ್ನು ಓದಿದರು. ಚರ್ಮದ ಹಾಳೆಗೆ ಅಷ್ಟು ದಾಕ್ಷಿಣ್ಯವಿದೆ. ಕಾರ್ಡಿಗೆ ಇಲ್ಲ. ಅಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬಂದರೆ ಮೊದಲಿನದು ಹೋದಂತೆಯೇ. ಆದುದರಿಂದ ಚಿತ್ರ ಅಳಿದುಹೋಯಿತೆಂದು ತಿಳಿದ ಕ್ಷಣ ಮಾಡತಕ್ಕ ಕೆಲಸ ಒಂದೇ: ಏನನ್ನೂ ಮಾಡದಿರುವುದು, ಇನ್ನೊಂದು ಚಿತ್ರವನ್ನೂ ತೆಗೆಯದಿರುವುದು. ಮರಳಿ ಸಿಕ್ಕುದನ್ನು ಅದೇ ಕಾರ್ಡಿಗೆ ತುಂಬಲೂ ಬಾರದು. ಈಚಿನ ಮೊಬೈಲು ಫೋನುಗಳ ಒಡಲೊಳಗಿನ ನೆನಪು ಬೇರೆ ಜಾತಿಯದು. ಅದು ಬರಹವನ್ನು ಗುಪ್ತಲಿಪಿಯಲ್ಲಿಟ್ಟು, ಖಾಲಿಯೆಂದ ಮನೆಯನ್ನು ತಾನೇ ಗುಡಿಸಿಬಿಡುತ್ತದೆ. ಅಲ್ಲಿ ಈ ಉಪಾಯ ನಡೆಯುವುದು ಕಷ್ಟ.

ನಮಗೆ ಇನ್ನೂರ ಒಂದು ಚಿತ್ರಗಳು ಇಡಿಯಾಗಿ ಬಂದುವು. ಮಾನ್ವಿಯ ಹನ್ನೊಂದು ಚಿತ್ರಗಳು ಕಾರ್ಡಿನ ಆರಂಭದ ಮನೆಗಳನ್ನೇ ಹಿಡಿದಿದ್ದರಿಂದ ಕೋಟೆಯ ಹನ್ನೆರಡು ಚಿತ್ರಗಳು ಹೋದುವು. ಅದಕ್ಕೆ ಚಿಂತೆಯಿಲ್ಲ. ಕೋಟೆಯ ಕಲ್ಲನ್ನು ಯಾರೂ ಹೊತ್ತುಕೊಂಡು ಹೋಗಲಾರರು; ಹುಡುಗರು ಮರುದಿನವೇ ನಡೆದುಹೋಗಿ ತೆಗೆದುಕೊಂಡು ಬಂದರು.

ಉಳಿದ ಒಂದೇ ಒಂದು, ದೇವದುರ್ಗದ ಸೀಮೆಯ ಆ ಸವೆದ ಕಲ್ಲಿನದು. ಹತ್ತಿರದಿಂದ ತೆಗೆದ ಚಿತ್ರ ಅದೊಂದೇ ಇತ್ತು. ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಚಿತ್ರ ಅಳಿಸುತ್ತ ಬಂದಿದ್ದರಿಂದ ನಡುನಡುವೆ ಮನೆಗಳು ತೆರವಾಗಿದ್ದುವು. ಈ ಚಿತ್ರ ಎರಡು ತುಂಡಾಗಿ ಎರಡು ಕಡೆ ಕೂತಿತ್ತು. ಮುಂದಿನ ತುಂಡು ಎಲ್ಲಿ ಎಂದು ಹೇಳುವ ಲೆಕ್ಕ ಅಳಿದುದರಿಂದ ಮೇಲಿನ ಅರ್ಧ ಮಾತ್ರ ಬಂತು, ಕೆಳಗೆಲ್ಲ ಬೂದುಬಣ್ಣ. ಮೇಲಿನ ಐದು ಸಾಲನ್ನು ಓದಿದ್ದೇವೆ. ದಾನ ಕೊಟ್ಟವನ ಹೆಸರು ಬರಬೇಕಾದುದು ಆರನೆಯ ಸಾಲಿನಲ್ಲಿ.

ಮರುವಾರ ನಾವು ಹೋಗುವಷ್ಟರಲ್ಲಿ ಊರವರು ಜಾತ್ರೆಗೆಂದು ಕಲ್ಲಿಗೆ ಭಕ್ತಿಯಿಂದ ದಪ್ಪನೆಯ ಎಣ್ಣೆಬಣ್ಣ ಬಳಿದಿದ್ದರು. ಬಣ್ಣದ ಕೆಳಗೆ ಅಕ್ಷರಗಳು ಇವೆ. ಕಾರ್ಡಿನ ಯಾವುದೋ ಮನೆಯಲ್ಲಿ ಅವುಗಳ ಚಿತ್ರದ ಇನ್ನರ್ಧವೂ ಇರಬಹುದು. ಹಳೆಯ ವಿದ್ಯಾರ್ಥಿ ಇನ್ನೂ ಹುಡುಕುತ್ತಿದ್ದಾನೆ. ಕಾರ್ಡು ನನ್ನ ಮೇಜಿನ ಖಾನೆಯಲ್ಲಿದೆ, ಬೀಗ ಜಾರಿಸಿದಂತೆಯೇ. ಅವನಿಗೆ ಕೊಟ್ಟಿರುವುದು ಅದರ ನಕಲನ್ನು. ಬಣ್ಣ ತೆಗೆಯಲು ಊರ ಹಿರಿಯರನ್ನು ಕೇಳಿದ್ದೇವೆ. ಜಾತ್ರೆ ಮುಗಿಯಲಿ, ನೋಡೋಣ ಎಂದಿದ್ದಾರೆ.