ಕೋಟೆ ಬಿದ್ದರೂ ಉಳಿದ ಊರು

ಭೂಮಧ್ಯ ಸಮುದ್ರದ ಪೂರ್ವತೀರದಲ್ಲಿ, ಇಂದಿನ ಲೆಬನಾನ್ ದೇಶದಲ್ಲಿ, ಟೈರ್ ಎಂಬ ಪ್ರಾಚೀನ ನಗರವಿದೆ. ಅದು ಫಿನೀಷಿಯದ ನಾವಿಕರ ನೆಲೆ. ಕಡಲ ಶಂಖುಹುಳುಗಳಿಂದ ತೆಗೆದ ಊದಾ ಬಣ್ಣಕ್ಕೆ ಲೋಕಪ್ರಸಿದ್ಧವಾಗಿದ್ದಿತು. ಬಾಬಿಲೋನಿನ ದೊರೆ ನೆಬುಕಡ್ನೆಜರನು 13 ವರ್ಷ ಅದನ್ನು ಮುತ್ತಿದನು. ಕ್ರಿ.ಪೂ. 332ರಲ್ಲಿ ಅಲೆಗ್ಸಾಂಡರನು ಕಡಲಿಗೇ ಕಲ್ಲುಮಣ್ಣು ತುಂಬಿ ದಾರಿ ಕಟ್ಟಿ, 7 ತಿಂಗಳ ಮುತ್ತಿಗೆಯ ಬಳಿಕ ಗೆದ್ದನು. ದ್ವೀಪವಾಗಿದ್ದ ಊರು ಅಂದಿನಿಂದ ನೆಲಕ್ಕೆ ಸೇರಿಕೊಂಡಿತು. ಗೆದ್ದವರೆಲ್ಲ ಹೋದರು, ಊರು ಮಾತ್ರ ಉಳಿಯಿತು.

ಇಂತಹ ಚರಿತ್ರೆಯನ್ನು ಅರಿಯಲು ನಮ್ಮ ವಿದ್ಯಾರ್ಥಿಗಳು ಕಡಲು ದಾಟಬೇಕಾಗಿಲ್ಲ. ನಮ್ಮ ಆದವಾನಿಗೆ ಸಮುದ್ರವಿಲ್ಲ. ಬಂಡೆಗಲ್ಲಿನ ಬೆಟ್ಟಗಳೇ ಅದಕ್ಕೆ ರಕ್ಷಣೆ, ಸುತ್ತಲಿನ ಎರೆಭೂಮಿಯೇ ಸಂಪತ್ತು. ವಿಜಯನಗರಕ್ಕೂ ಬಹಮನಿ ಸುಲ್ತಾನರಿಗೂ ನಡೆದ ದೀರ್ಘ ಕಲಹದಲ್ಲಿ ಈ ದುರ್ಗವು ವಿಜಯನಗರದ ಬಲವಾದ ಠಾಣ್ಯವಾಗಿದ್ದಿತು. 1565ರ ರಕ್ಕಸತಂಗಡಿ ಯುದ್ಧದ ತರುವಾಯ, 1568ರಲ್ಲಿ, ಅದು ಬಿಜಾಪುರದ ವಶವಾಯಿತು.

ಬಿಜಾಪುರದ ಕಡೆಯಿಂದ ಇಲ್ಲಿ ಆಳಿದವರಲ್ಲಿ ಸಿದ್ದಿ ಮಸೂದ್ ಖಾನನ ಹೆಸರು ಮುಖ್ಯವಾದುದು. ಊರಿನ ಜಾಮಿಯಾ ಮಸೀದಿ ಅವನು ಕಟ್ಟಿಸಿದುದು. 1671ರಲ್ಲಿ ಶ್ರೀ ರಾಘವೇಂದ್ರ ಸ್ವಾಮಿಗಳು ಬೃಂದಾವನಸ್ಥರಾದ ಮಂಚಾಲೆ, ಅಂದರೆ ಇಂದಿನ ಮಂತ್ರಾಲಯ, ಆದವಾನಿಯ ನವಾಬನಿಂದ ದಾನವಾಗಿ ಬಂದ ಗ್ರಾಮವೆಂಬುದು ಸಂಪ್ರದಾಯ. 1688ರಲ್ಲಿ ಔರಂಗಜೇಬನ ಸೈನ್ಯವು ದುರ್ಗವನ್ನು ಮುತ್ತಿತು. ಮಸೂದ್ ಖಾನನು ಮಣಿಯಲಿಲ್ಲ. ಆಗ ಮೊಗಲ ಸೇನಾಪತಿಯು ಫಿರಂಗಿಗಳನ್ನು ಮಸೀದಿಯತ್ತ ತಿರುಗಿಸಿದನಂತೆ. ತಾನು ಕಟ್ಟಿಸಿದುದು ಕಣ್ಣೆದುರಿಗೆ ನೆಲಸಮವಾಗುವುದನ್ನು ಸಹಿಸಲಾರದೆ ಖಾನನು ಕೋಟೆಯನ್ನೇ ಒಪ್ಪಿಸಿದನೆಂದು ಹೇಳುತ್ತಾರೆ. ಮೊಗಲರು ಊರಿಗೆ ಇಮ್ತಿಯಾಜ್‌ಗಡ ಎಂದು ಹೆಸರಿಟ್ಟರು. ಆ ಹೆಸರು ನಿಲ್ಲಲಿಲ್ಲ; ಮಸೀದಿ ನಿಂತಿದೆ.

ಮುಂದೆ ಆದವಾನಿಯು ನಿಜಾಮನ ತಮ್ಮನಾದ ಬಸಾಲತ್ ಜಂಗನ ಜಹಗೀರಾಯಿತು. 1786ರಲ್ಲಿ ಟಿಪ್ಪು ಸುಲ್ತಾನನು ಒಂದು ತಿಂಗಳ ಮುತ್ತಿಗೆಯಿಂದ ಇದನ್ನು ಗೆದ್ದು ಕೋಟೆಯ ತೆನೆಗೋಡೆಗಳನ್ನು ಕೆಡವಿಸಿದನು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟನು. ತರುವಾಯ ಬಳ್ಳಾರಿ ಜಿಲ್ಲೆಗೆ ಸೇರಿದ ಆದವಾನಿಯು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ, ಆಲೂರಿನೊಡನೆ ಕರ್ನೂಲು ಜಿಲ್ಲೆಗೆ ಸೇರಿತು. ಬಳ್ಳಾರಿ ಮೈಸೂರಿಗೆ ಹೋಯಿತು. ಒಂದೇ ಜಿಲ್ಲೆಯ ನಂಟರು ಎರಡು ರಾಜ್ಯಗಳ ಪ್ರಜೆಗಳಾದರು.

ಇಷ್ಟು ಒಡೆಯರನ್ನು ಕಂಡ ಊರನ್ನು ಉಳಿಸಿದುದು ಯಾವುದು? ಕೋಟೆಯಂತೂ ಅಲ್ಲ, ಅದು ಪ್ರತಿ ಸಲವೂ ಕೈಬದಲಾಯಿತು. ಎರೆಯಲ್ಲಿ ಹತ್ತಿ ಬೆಳೆದವರು, ಅದನ್ನು ನೂತು ನೆಯ್ದವರು, ಪೇಟೆಗೆ ಹೊತ್ತು ತಂದವರು ಊರನ್ನು ಉಳಿಸಿದರು. ಇಂದಿಗೂ ಆದವಾನಿ ಹತ್ತಿಯ ಪೇಟೆಯೆಂದೇ ಪ್ರಖ್ಯಾತ. ಕನ್ನಡ, ತೆಲುಗು, ಉರ್ದು ಮೂರೂ ಆ ಪೇಟೆಯ ಮಾತುಗಳೇ. 1953ರಲ್ಲಿ ನಕ್ಷೆಯ ಗೆರೆ ಸರಿಯಿತು; ಮನೆಯ ಮಾತು ಸರಿಯಲಿಲ್ಲ.

ಮಸೂದ್ ಖಾನನ ಕಥೆಯಲ್ಲಿ ನಮಗೊಂದು ಪಾಠವಿದೆ. ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಬಿಡಲಾಗದು ಎಂಬ ವಿವೇಕವೇ ಆ ಪಾಠ. ಅಧಿಕಾರ ನಮ್ಮ ಕೈಯಲ್ಲಿಲ್ಲ. ಶಾಲೆಯ ಕರಿಹಲಗೆ ನಮ್ಮ ಕೈಯಲ್ಲಿದೆ. ಉಪಾಧ್ಯಾಯರು ಟೈರ್ ನಗರವನ್ನು ಪಾಠ ಹೇಳುವ ದಿನ ಮಕ್ಕಳನ್ನು ಆದವಾನಿಯ ಬೆಟ್ಟಕ್ಕೂ ಕರೆದೊಯ್ಯಲಿ. ನಮ್ಮ ಊರಿನ ಚರಿತ್ರೆಯನ್ನು ನಮ್ಮ ಮಾತಿನಲ್ಲಿಯೇ ಬರೆಯಿಸಲಿ.