ಶ್ರೀರಂಗಪಟ್ಟಣದ ಬಿರುದು, ಕೆಂಟ್‌ನ ಬ್ಯಾಟು: ನಾಲ್ಕನೆಯ ಲಾರ್ಡ್ ಹ್ಯಾರಿಸ್ ಮತ್ತು ಕನ್ನಡ ನಾಡು

ಇಂಗ್ಲೆಂಡಿನ ಕ್ರಿಕೆಟ್ ಇತಿಹಾಸಕಾರರು ನಾಲ್ಕನೆಯ ಲಾರ್ಡ್ ಹ್ಯಾರಿಸ್‌ನ ಕಥೆಯನ್ನು ಈಟನ್ ಶಾಲೆಯಲ್ಲಿ ಆರಂಭಿಸಿ, ಆಕ್ಸ್‌ಫರ್ಡ್ ದಾಟಿಸಿ, ಕೆಂಟ್ ತಂಡದ ನಾಯಕತ್ವಕ್ಕೆ ತಂದು ನಿಲ್ಲಿಸುತ್ತಾರೆ. ಆದರೆ ಅವನ ಮನೆತನದ ಪೂರ್ಣ ಬಿರುದಿನಲ್ಲಿಯೇ ಶ್ರೀರಂಗಪಟ್ಟಣ ಮತ್ತು ಮೈಸೂರಿನ ಹೆಸರುಗಳಿವೆ. ಬಿರುದು ಬಂದದ್ದು 1815ರಲ್ಲಿ. ಅದಕ್ಕೆ ಆಧಾರವಾದ ಸಂಪತ್ತು ದಕ್ಕಿದ್ದು 1799ರಲ್ಲಿ. ಹಾಗಾಗಿ ಈ ಆಟಗಾರನ ಚರಿತ್ರೆ ಕನ್ನಡ ನೆಲದಿಂದಲೇ ಶುರುವಾಗಬೇಕು ಎಂಬುದು ನನ್ನ ವಾದ.

ಅವನ ಮುತ್ತಜ್ಜ ಜಾರ್ಜ್ ಹ್ಯಾರಿಸ್ ಹುಟ್ಟಿನಿಂದ ಶ್ರೀಮಂತನಲ್ಲ, ಬಡ ಪಾದ್ರಿಯೊಬ್ಬನ ಮಗ. ಟಿಪ್ಪುವಿನ ಮೇಲೆ ದಂಡೆತ್ತಿ ಹೋದ ಸೈನ್ಯದ ಸೇನಾಪತಿಯಾಗಿ 1799ರ ಮೇ 4ರಂದು ಶ್ರೀರಂಗಪಟ್ಟಣವನ್ನು ಗೆದ್ದ. ಕೋಟೆಯ ಕೊಳ್ಳೆಯಲ್ಲಿ ಅವನ ಪಾಲಿಗೆ ಬಂದದ್ದು ಸುಮಾರು 1 ಲಕ್ಷ 40 ಸಾವಿರ ಪೌಂಡ್. ಆ ಹಣದಿಂದ 1801ರಲ್ಲಿ ಕೆಂಟ್ ಪ್ರಾಂತದ ಬೆಲ್ಮಾಂಟ್ ಮಹಲನ್ನು ಕೊಂಡ. ಮುಂದೆ ನಾಲ್ಕನೆಯ ಹ್ಯಾರಿಸ್ ‘ಕೆಂಟ್‌ನ ಮನುಷ್ಯ’ ಎನಿಸಿಕೊಂಡದ್ದು ಈ ಆಸ್ತಿಯ ಬಲದಿಂದ.

ಅದೇ ಯುದ್ಧದ ಫಲ ಬಳ್ಳಾರಿಗೂ ತಟ್ಟಿತು. 1792 ಮತ್ತು 1799ರಲ್ಲಿ ಟಿಪ್ಪುವಿನ ರಾಜ್ಯದಿಂದ ತನಗೆ ಸಿಕ್ಕ ಸೀಮೆಗಳನ್ನು ನಿಜಾಮ 1800ರಲ್ಲಿ ಕಂಪನಿ ಸೈನ್ಯದ ಖರ್ಚಿಗೆಂದು ಬಿಟ್ಟುಕೊಟ್ಟ. ಬಳ್ಳಾರಿ, ತುಂಗಭದ್ರೆಯ ದಡದ ಸಿರುಗುಪ್ಪ, ಬೆಟ್ಟಗಳ ನಡುವಿನ ಕುರುಗೋಡು ಎಲ್ಲವೂ ಹೀಗೆ ದತ್ತಮಂಡಲದ ಹೆಸರಿನಲ್ಲಿ ಮದ್ರಾಸ್ ಆಡಳಿತಕ್ಕೆ ಸೇರಿದವು. ಬಳ್ಳಾರಿಯಲ್ಲಿ ದಂಡು ನೆಲೆಯೂರಿತು. ಇಂದಿನ ಕೌಲ್ ಬಜಾರ್ ಆ ದಂಡಿನ ಆಸರೆಯಲ್ಲಿ ಬೆಳೆದ ಪೇಟೆ.

ಅರ್ಧ ಶತಮಾನ ಕಳೆದ ಮೇಲೆ ಮತ್ತೊಬ್ಬ ಹ್ಯಾರಿಸ್ ಬಳ್ಳಾರಿಯ ಮೇಲೆ ಅಧಿಕಾರ ನಡೆಸಿದ. ಕ್ರಿಕೆಟಿಗನ ತಂದೆ, ಮೂರನೆಯ ಲಾರ್ಡ್ ಹ್ಯಾರಿಸ್, 1854ರಿಂದ 1859ರವರೆಗೆ ಮದ್ರಾಸಿನ ಗವರ್ನರ್. 1858ರಲ್ಲಿ ಮುಂಡರಗಿ ಭೀಮರಾಯ ಬಂಡೆದ್ದು ಕೊಪ್ಪಳ ಕೋಟೆಯನ್ನು ಹಿಡಿದಾಗ, ಮೇಜರ್ ಹ್ಯೂಸ್ ಬಳ್ಳಾರಿ ಕಡೆಯ ಸೈನ್ಯದೊಂದಿಗೆ ಬಂದು ಕೋಟೆಗೆ ನುಗ್ಗಿದ. ಭೀಮರಾಯ ಅಲ್ಲೇ ಮಡಿದ. ಕ್ರಿಕೆಟ್ ಪುಸ್ತಕಗಳಲ್ಲಿ ಈ ಸಂಗತಿಗೆ ಜಾಗವಿಲ್ಲ. ಹ್ಯಾರಿಸ್ ಮನೆತನದ ಕನ್ನಡ ನಂಟಿನಲ್ಲಿ ನನಗೆ ಅತ್ಯಂತ ಭಾರವಾಗಿ ಕಾಣುವುದು ಇದೇ.

ಇನ್ನು ಆಟಗಾರ. 1851ರಲ್ಲಿ ಟ್ರಿನಿಡಾಡಿನಲ್ಲಿ ಹುಟ್ಟಿದ ಜಾರ್ಜ್ ರಾಬರ್ಟ್ ಕ್ಯಾನಿಂಗ್ ಹ್ಯಾರಿಸ್ ನಾಲ್ಕು ಟೆಸ್ಟ್ ಆಡಿದ; ನಾಲ್ಕರಲ್ಲೂ ಇಂಗ್ಲೆಂಡಿನ ನಾಯಕ. 1879ರಲ್ಲಿ ಸಿಡ್ನಿಯ ಗಲಭೆಯಲ್ಲಿ ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದಾಗ ಪೆಟ್ಟು ತಿಂದ. 1880ರಲ್ಲಿ ಇಂಗ್ಲೆಂಡಿನ ನೆಲದ ಮೊದಲ ಟೆಸ್ಟಿನಲ್ಲಿ ಗೆದ್ದ. ಸೈನಿಕನಾಗಿ ಕೆಂಟ್‌ನ ಯೊಮನ್ರಿ ಕುದುರೆ ದಳದ ಕರ್ನಲ್ ಆಗಿದ್ದ. ಬೋಯರ್ ಯುದ್ಧದ ಕಾಲಕ್ಕೆ 1900-01ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದ. ಮುತ್ತಜ್ಜನದು ಹೊಟ್ಟೆಪಾಡಿನ ಸಿಪಾಯಿತನವಾದರೆ, ಇವನದು ಅಂತಸ್ತಿಗೆ ತಕ್ಕ ಕರ್ತವ್ಯ.

1890ರಿಂದ 1895ರವರೆಗೆ ಅವನು ಮುಂಬಯಿಯ ಗವರ್ನರ್. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಅವನ ಆಳ್ವಿಕೆಗೆ ಒಳಪಟ್ಟಿದ್ದವು. ಮದ್ರಾಸಿಗೆ ಸೇರಿದ ಬಳ್ಳಾರಿ ತಂದೆಯದಾಗಿದ್ದರೆ, ಧಾರವಾಡ ಮಗನದಾಯಿತು. ಭಾರತೀಯ ಕ್ರಿಕೆಟ್ಟಿನ ಪೋಷಕ ಎಂದು ಅವನನ್ನು ಹೊಗಳುವ ರೂಢಿಯಿದೆ. ಮುಂಬಯಿಯಲ್ಲಿ ಜಿಮಖಾನಾಗಳಿಗೆ ಜಾಗ ಕೊಟ್ಟದ್ದು ನಿಜ, ಶಾಲಾ ಹುಡುಗರ ಹ್ಯಾರಿಸ್ ಶೀಲ್ಡ್ ಅವನ ಹೆಸರಿನಲ್ಲಿರುವುದೂ ನಿಜ. ಆದರೆ ಯುರೋಪಿಯನ್ನರ ಪೋಲೊ ಕುದುರೆಗಳು ಮೈದಾನವನ್ನು ತುಳಿದು ಹಾಳುಮಾಡುತ್ತಿವೆ ಎಂದು ಸ್ಥಳೀಯ ಆಟಗಾರರು ಮೊರೆಯಿಟ್ಟಾಗ ಅವನು ಪೋಲೊದವರ ಪರ ನಿಂತ. 1893ರ ಮುಂಬಯಿ ಗಲಭೆಯ ಹೊತ್ತಿಗೆ ಪುಣೆಯಲ್ಲೇ ಉಳಿದು ಟೀಕೆಗೆ ಗುರಿಯಾದ. ಹಾಗಾಗಿ ಪೋಷಕ ಎಂಬ ಹೊಗಳಿಕೆಯನ್ನು ನಾನು ಪೂರ್ತಿ ಒಪ್ಪಲಾರೆ.

ಅದೇ ವರ್ಷಗಳಲ್ಲಿ, ಗವರ್ನರನ ಬಳಗ ಆಡುತ್ತಿದ್ದ ಪುಣೆಯಲ್ಲೇ, ಧಾರವಾಡದಲ್ಲಿ ಹುಟ್ಟಿದ ದಲಿತ ತರುಣ ಪಾಲ್ವಣಕರ್ ಬಾಲೂ ಯುರೋಪಿಯನ್ನರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಗೆ ದುಡಿಯುತ್ತಿದ್ದ. ಅಂಕಣಕ್ಕೆ ರೋಲರ್ ಎಳೆಯುವುದು, ಗೆರೆ ಹಾಕುವುದು, ದೊರೆಗಳ ಅಭ್ಯಾಸಕ್ಕೆ ಬೌಲ್ ಮಾಡುವುದು ಅವನ ಕೆಲಸ. ಬ್ಯಾಟ್ ಹಿಡಿಯುವ ಅವಕಾಶವನ್ನು ಅವರು ಕೊಡಲಿಲ್ಲ. ಆ ದುಡಿಮೆಯೇ ಅವನ ಎಡಗೈ ಸ್ಪಿನ್ನಿಗೆ ಗರಡಿಮನೆಯಾಯಿತು. ಹ್ಯಾರಿಸ್ ಹಂಚಿದ ಜಮೀನಿಗಿಂತ ಬಾಲೂ ಕಲಿತ ಈ ಪಾಠ ಭಾರತೀಯ ಕ್ರಿಕೆಟ್ಟಿಗೆ ಹೆಚ್ಚು ಬಾಳಿತು ಎಂದೇ ನನ್ನ ತೀರ್ಮಾನ.

1911ರಲ್ಲಿ ಪಟಿಯಾಲಾ ಮಹಾರಾಜನ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಬಾಲೂ ಆ ತಂಡದಲ್ಲಿದ್ದ, ಬೆಂಗಳೂರಿನ ಜಯರಾಮ್ ಕೂಡ ಇದ್ದ. ಅವರನ್ನು ಎದುರಿಸಲು ಕ್ಯಾಟ್‌ಫರ್ಡಿನಲ್ಲಿ ಕೆಂಟ್ ಪರ ಕಣಕ್ಕಿಳಿದವರಲ್ಲಿ 60 ವರ್ಷದ ಲಾರ್ಡ್ ಹ್ಯಾರಿಸನೂ ಒಬ್ಬ. ಅದು ಅವನ ಕೊನೆಯ ಪ್ರಥಮ ದರ್ಜೆ ಪಂದ್ಯ. ಆ ಪ್ರವಾಸದಲ್ಲಿ ಬಾಲೂ ಕಿತ್ತದ್ದು 114 ವಿಕೆಟ್.