ಬೆಂಗಳೂರು, 1984: ಮುಟ್ಟಿದರೆ ಮುನಿಯುವ ಬೀಗದ ಕೈ

ಕ್ವಾಂಟಂ ಗೂಢಲಿಪಿಯ ಬಗ್ಗೆ ಬಂದಿರುವ ಯಾವುದಾದರೂ ಸಂಶೋಧನಾ ಲೇಖನ ತೆಗೆದು ನೇರ ಕೊನೆಯ ಪುಟಕ್ಕೆ ಹೋಗಿ. ಅಲ್ಲಿ ಆಧಾರಗಳ ಪಟ್ಟಿ ಇರುತ್ತಲ್ಲ, ಅದರ ಮೊದಲ ಕೆಲವು ಸಾಲುಗಳಲ್ಲೇ ಒಂದು ಊರಿನ ಹೆಸರು ಕಣ್ಣಿಗೆ ಬೀಳೋ ಸಾಧ್ಯತೆ ಬಹಳ. ಬೆಂಗಳೂರು. ವರ್ಷ 1984, ಪುಟ 175ರಿಂದ 179. ಬರೆದವರು ಚೀನಾದವರಾಗಲಿ, ಆಸ್ಟ್ರಿಯಾದವರಾಗಲಿ, ಆ ಸಾಲು ಮಾತ್ರ ತಪ್ಪಲ್ಲ.

ಮೊದಲ ಸಲ ನೋಡಿದಾಗ ನನ್ನ ಎದೆ ಉಬ್ಬಿದ್ದು ಸುಳ್ಳಲ್ಲ. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಯಾರೋ ಮೇಷ್ಟ್ರು ಕಂಡುಹಿಡಿದಿರಬೇಕು ಅಂದುಕೊಂಡೆ. ಹುಡುಕಿ ಓದಿದರೆ, ಬರೆದ ಇಬ್ಬರಲ್ಲಿ ಒಬ್ಬರು ಅಮೆರಿಕದ ಚಾರ್ಲ್ಸ್ ಬೆನೆಟ್, ಇನ್ನೊಬ್ಬರು ಕೆನಡಾದ ಜಿಲ್ ಬ್ರಾಸಾರ್. ಉಬ್ಬಿದ ಎದೆ ಇಳಿಯಿತು. ಆದರೆ ಆ ಐದು ಪುಟ ಅಷ್ಟು ದೂರದಿಂದ ಇಲ್ಲಿಗೆ ಯಾಕೆ ಬಂತು ಅನ್ನೋ ಕಥೆ ಇದೆಯಲ್ಲ, ಅದು ನನ್ನ ಹೆಮ್ಮೆಗಿಂತ ಉಪಯೋಗದ್ದು.

ಮೊದಲು ಬೀಗದ ವಿಷಯ. ನಾನು ಹೊಟ್ಟೆಪಾಡಿಗೆ ಬರೆಯೋ ಕೋಡು ದಿನವಿಡೀ ಬೀಗ ಹಾಕ್ತಾ, ತೆಗೀತಾ ಇರುತ್ತೆ. ನೀವು ಫೋನಿನಲ್ಲಿ ದುಡ್ಡು ಕಳಿಸಿದಾಗ ಆ ಮಾಹಿತಿ ಗೂಢಲಿಪಿಯಾಗಿಯೇ ಹೋಗೋದು. ಒಡೆಯಲಾಗದ ಗೂಢಲಿಪಿ ಒಂದಿದೆ ಅಂತ ಕ್ಲಾಡ್ ಶಾನನ್ 1949ರಲ್ಲೇ ಪ್ರಕಟಿಸಿದ ಲೇಖನದಲ್ಲಿ ಸಾಧಿಸಿ ತೋರಿಸಿದ್ದರು. ಸಂದೇಶದಷ್ಟೇ ಉದ್ದದ, ಯಾವ ಕ್ರಮವೂ ಇಲ್ಲದ ಒಂದು ಕೀಲಿ ಬೇಕು. ಅದನ್ನ ಒಂದೇ ಸಲ ಬಳಸಿ ಎಸೆಯಬೇಕು. ಅಷ್ಟೇ. ತೊಂದರೆ ಏನಂದ್ರೆ, ಆ ಕೀಲಿಯನ್ನ ಆಚೆ ತುದಿಯವರಿಗೆ ಗುಟ್ಟಾಗಿ ತಲುಪಿಸೋದು ಹೇಗೆ? ಗುಟ್ಟಾಗಿ ತಲುಪಿಸೋ ದಾರಿ ಇದ್ದಿದ್ದರೆ ಸಂದೇಶವನ್ನೇ ಆ ದಾರೀಲಿ ಕಳಿಸಬಹುದಿತ್ತಲ್ಲ!

1970ರ ದಶಕದಲ್ಲಿ ಗಣಿತದವರು ಇದಕ್ಕೊಂದು ಜಾಣ ಉಪಾಯ ಕಂಡುಕೊಂಡರು. 1977ರಲ್ಲಿ ಬಂದ ಆರ್‌ಎಸ್‌ಎ ಅದರಲ್ಲಿ ಹೆಸರುವಾಸಿ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನ ಗುಣಿಸೋದು ಸುಲಭ; ಗುಣಲಬ್ಧ ಕೊಟ್ಟು ಮೂಲ ಸಂಖ್ಯೆಗಳನ್ನ ಕೇಳಿದರೆ ಕಂಪ್ಯೂಟರಿಗೂ ಬೆವರು ಬರುತ್ತೆ. ಅಂದರೆ ಇಲ್ಲಿ ಬೀಗ ಅನ್ನೋದು ಲೆಕ್ಕದ ಕಷ್ಟವೇ. ಆದರೆ ಅದು ಎಂದೆಂದಿಗೂ ಕಷ್ಟವೇ ಅಂತ ಯಾರೂ ಸಾಧಿಸಿ ತೋರಿಸಿಲ್ಲ.

ಈಗ ಇನ್ನೊಂದು ಎಳೆ ಹಿಡಿಯೋಣ. 1960ರ ದಶಕದ ಕೊನೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ವೀಸ್ನರ್ ಅಂತ ಒಬ್ಬ ವಿದ್ಯಾರ್ಥಿ. ಅವನ ತಲೆಗೆ ಹೊಳೆದದ್ದು ನಕಲು ಮಾಡಲಾಗದ ನೋಟು. ಕಾಗದ, ಶಾಯಿ, ಬೆಳ್ಳಿ ಎಳೆ ಏನೇ ಹಾಕಿದರೂ ಕಳ್ಳನೋಟಿನವನು ಒಂದಲ್ಲ ಒಂದು ದಿನ ಕಲಿತುಬಿಡ್ತಾನೆ. ನೋಟಿನೊಳಗೆ ಬೆಳಕಿನ ಕಣಗಳನ್ನೇ, ಅಂದರೆ ಫೋಟಾನ್‌ಗಳನ್ನೇ ಕೂಡಿಟ್ಟರೆ?

ಫೋಟಾನಿನ ಕಂಪನಕ್ಕೆ ಒಂದು ದಿಕ್ಕು ಇರುತ್ತೆ. ನೆಟ್ಟಗೆ, ಅಡ್ಡಡ್ಡ, ಬಲಕ್ಕೆ ಓರೆ, ಎಡಕ್ಕೆ ಓರೆ, ಹೀಗೆ. 'ನೀನು ನೆಟ್ಟಗಿದ್ದೀಯೋ, ಅಡ್ಡ ಇದ್ದೀಯೋ?' ಅಂತ ಅಳೆಯೋ ಉಪಕರಣದಿಂದ ಕೇಳಬಹುದು. ಅದು ನಿಜಕ್ಕೂ ನೆಟ್ಟಗೋ ಅಡ್ಡವೋ ಇದ್ದರೆ ಸರಿಯಾದ ಉತ್ತರ ಬರುತ್ತೆ. ಓರೆಯಾಗಿದ್ದ ಫೋಟಾನನ್ನ ಹಾಗೆ ಕೇಳಿದಿರೋ, ನಾಣ್ಯ ಚಿಮ್ಮಿದ ಹಾಗೆ ಎರಡರಲ್ಲಿ ಒಂದು ಉತ್ತರ ಕೊಟ್ಟು, ಆಮೇಲೆ ಹಾಗೇ ನಿಂತುಬಿಡುತ್ತೆ. ಹಳೆಯ ಓರೆ ಮಾಯ. ಕೇಳಿದ ಪ್ರಶ್ನೆ ತಪ್ಪಾದರೆ ಉತ್ತರವೂ ಕೆಟ್ಟಿತು, ಮೂಲವೂ ಕೆಟ್ಟಿತು. ಯಾವ ಫೋಟಾನಿಗೆ ಯಾವ ಪ್ರಶ್ನೆ ಅನ್ನೋದು ನೋಟು ಮುದ್ರಿಸಿದ ಬ್ಯಾಂಕಿಗೆ ಮಾತ್ರ ಗೊತ್ತು. ಹಾಗಾದ ಮೇಲೆ ನಕಲು ಮಾಡೋದು ಹೇಗೆ?

ಫೋಟಾನನ್ನ ನೋಟಿನಲ್ಲಿ ತಿಂಗಳುಗಟ್ಟಲೆ ಕೂಡಿಡೋದು ಆಗ ಕನಸಿನ ಮಾತು. ವೀಸ್ನರ್ ಬರೆದ ಲೇಖನ ತಿರಸ್ಕೃತವಾಯಿತು. ಅವನೂ ಸುಮ್ಮನಾದ. ಅದು ಅಚ್ಚಾಗಿದ್ದು 1983ರಲ್ಲಿ, ಬರೆದು ಹತ್ತು ವರ್ಷ ದಾಟಿದ ಮೇಲೆ. ಅಲ್ಲಿಯವರೆಗೆ ಆ ವಿಚಾರ ಬದುಕಿದ್ದಕ್ಕೆ ಅವನ ಕಾಲೇಜು ಗೆಳೆಯನ ನೆನಪು ಒಂದು ದೊಡ್ಡ ಕಾರಣ. ಆ ಗೆಳೆಯನೇ ಬೆನೆಟ್.

1979ರ ಅಕ್ಟೋಬರ್. ಪೋರ್ಟೊ ರಿಕೊ ದ್ವೀಪದಲ್ಲಿ ಕಂಪ್ಯೂಟರ್ ವಿಜ್ಞಾನದ ಸಮ್ಮೇಳನ. ಆಗತಾನೇ ಪಿಎಚ್‌ಡಿ ಮುಗಿಸಿದ್ದ ಬ್ರಾಸಾರ್ ಸಮುದ್ರದಲ್ಲಿ ಈಜ್ತಾ ಇದ್ದರು. ಗುರುತು ಪರಿಚಯ ಇಲ್ಲದ ಒಬ್ಬ ಮನುಷ್ಯ ಪಕ್ಕಕ್ಕೆ ಈಜಿಕೊಂಡು ಬಂದು, ನಕಲು ಮಾಡಲಾಗದ ನೋಟಿನ ಕಥೆ ಶುರು ಹಚ್ಚಿಕೊಂಡ. ಐಬಿಎಂ ಸಂಶೋಧನಾ ವಿಭಾಗದಲ್ಲಿದ್ದ ಬೆನೆಟ್ ಅವರೇ ಆ ಮನುಷ್ಯ. ಇದು ಕಟ್ಟುಕಥೆ ಅಲ್ಲ, ಬ್ರಾಸಾರ್ ಅವರೇ ಬರೆದುಕೊಂಡಿದ್ದಾರೆ. ಇಬ್ಬರೂ ದಡ ಸೇರೋ ಹೊತ್ತಿಗೆ ಜೊತೆಗೆ ಕೆಲಸ ಮಾಡೋದು ನಿಕ್ಕಿಯಾಗಿತ್ತು.

ಅವರಿಗೆ ನಿಧಾನವಾಗಿ ಹೊಳೆದದ್ದು ಇದು: ಫೋಟಾನ್ ಇರೋದು ಕೂಡಿಡೋದಕ್ಕಲ್ಲ, ಓಡೋದಕ್ಕೆ. ನೋಟು ಬಿಡಿ, ಕೀಲಿ ಕಳಿಸೋಣ.

ಪುಸ್ತಕಗಳಲ್ಲಿ ಈ ಪಾತ್ರಗಳಿಗೆ ಆಲಿಸ್, ಬಾಬ್ ಅಂತ ಹೆಸರು. ನಾವು ಗೌರಿ, ಶಿವು ಅನ್ನೋಣ. ಗೌರಿ ಒಂದೊಂದೇ ಫೋಟಾನನ್ನ ನಾಲ್ಕು ದಿಕ್ಕಿನಲ್ಲಿ ಯಾವುದೋ ಒಂದರಲ್ಲಿ ಕಳಿಸ್ತಾಳೆ. ನೆಟ್ಟಗೆ ಅಂದರೆ 0, ಅಡ್ಡ ಅಂದರೆ 1. ಓರೆಗಳಲ್ಲೂ ಹಾಗೇ, ಒಂದು 0, ಇನ್ನೊಂದು 1. ಶಿವುಗೆ ಅವಳ ಆಯ್ಕೆ ಗೊತ್ತಿಲ್ಲ. ಅವನು ಪ್ರತಿಯೊಂದಕ್ಕೂ ಮನಸ್ಸಿಗೆ ಬಂದ ಹಾಗೆ 'ನೆಟ್ಟಗೋ ಅಡ್ಡವೋ' ಅಂತಲೋ, 'ಯಾವ ಕಡೆ ಓರೆ' ಅಂತಲೋ ಕೇಳ್ತಾ ಹೋಗ್ತಾನೆ. ಸರಾಸರಿ ಅರ್ಧದಷ್ಟು ಸಲ ಪ್ರಶ್ನೆ ಸರಿ ಇರುತ್ತೆ. ಎಲ್ಲ ಮುಗಿದ ಮೇಲೆ ಇಬ್ಬರೂ ಫೋನು ಮಾಡಿ, ಊರಿಗೆಲ್ಲ ಕೇಳಿಸಿದರೂ ಚಿಂತೆಯಿಲ್ಲ, ಯಾವುದಕ್ಕೆ ಯಾವ ಪ್ರಶ್ನೆ ಕೇಳಿದ್ದು ಅಂತ ಮಾತ್ರ ಹೋಲಿಸ್ತಾರೆ. ಉತ್ತರ ಹೇಳೋದಿಲ್ಲ. ಪ್ರಶ್ನೆ ಹೊಂದಿದವನ್ನ ಇಟ್ಟುಕೊಂಡು ಉಳಿದದ್ದು ಬಿಸಾಕ್ತಾರೆ. ಉಳಿದ 0, 1ಗಳ ಸಾಲೇ ಕೀಲಿ.

ನಡುವೆ ನಂಜ ಅನ್ನೋನು ಕೂತು ಫೋಟಾನ್‌ಗಳನ್ನ ಹಿಡಿದು ಅಳೆದು ಮುಂದಕ್ಕೆ ಬಿಟ್ಟ ಅಂತಿಟ್ಟುಕೊಳ್ಳಿ. ಅವನಿಗೂ ಸರಿಯಾದ ಪ್ರಶ್ನೆ ಗೊತ್ತಿಲ್ಲ. ಅರ್ಧ ಸಲ ತಪ್ಪು ಕೇಳಿ ಮೂಲವನ್ನ ಕೆಡಿಸ್ತಾನೆ. ಕೆಟ್ಟವುಗಳಲ್ಲಿ ಅರ್ಧದಷ್ಟು ಶಿವು ಕೈಯಲ್ಲಿ ತಪ್ಪು ಉತ್ತರ ಕೊಡುತ್ತವೆ. ಹಾಗಾಗಿ ಹೊಂದಬೇಕಾದ ಸಾಲಿನಲ್ಲಿ ಸುಮಾರು 25 ಪ್ರತಿಶತ ತಾಳೆಯಾಗೋದಿಲ್ಲ. ಗೌರಿ, ಶಿವು ಒಂದಷ್ಟು ಅಂಕಿಗಳನ್ನ ಬಹಿರಂಗವಾಗಿ ಹೋಲಿಸಿ ನೋಡಿದರೆ ಸಾಕು, ನಂಜನ ಕೈವಾಡ ಗೊತ್ತಾಗುತ್ತೆ. ಆ ಕೀಲಿ ಬಿಸಾಕಿ ಮತ್ತೆ ಶುರು ಮಾಡ್ತಾರೆ.

ನಮ್ಮೂರಿನ ಗದ್ದೆ ಬದುವಿನಲ್ಲಿ ಮುಟ್ಟಿದರೆ ಮುನಿ ಗಿಡ ಹಬ್ಬಿರ್ತಿತ್ತು. ಎಲೆ ಮುದುಡಿದ್ದರೆ ಈಗಷ್ಟೇ ಯಾರೋ ದಾಟಿಹೋಗಿದ್ದಾರೆ ಅಂತ ನಾವು ಹುಡುಗರು ಪತ್ತೆ ಹಚ್ಚುತ್ತಿದ್ದೆವು. ಇದೂ ಹಾಗೇ. ವ್ಯತ್ಯಾಸ ಒಂದೇ: ಎಲೆ ಸ್ವಲ್ಪ ಹೊತ್ತಿಗೆ ಬಿಚ್ಚಿಕೊಳ್ಳುತ್ತೆ, ಫೋಟಾನ್ ಹಳೆಯ ಸ್ಥಿತಿಗೆ ತಾನಾಗಿ ಮರಳೋದಿಲ್ಲ. ಹೋಗಲಿ, ಒಂದು ನಕಲು ಮಾಡಿಕೊಂಡು ಮೂಲವನ್ನ ಮುಟ್ಟದೆ ಬಿಡೋಣ ಅಂದರೆ ಅದೂ ಆಗಲ್ಲ. ಗೊತ್ತಿಲ್ಲದ ಕ್ವಾಂಟಂ ಸ್ಥಿತಿಯನ್ನ ತದ್ರೂಪು ನಕಲು ಮಾಡಲಾಗದು ಅಂತ ವೂಟರ್ಸ್ ಮತ್ತು ಜುರೆಕ್, ಬೇರೆಯಾಗಿ ಡೀಕ್ಸ್, 1982ರಲ್ಲೇ ತೋರಿಸಿದ್ದರು.

ಇಷ್ಟು ಚೆಂದದ ವಿಚಾರವನ್ನ ಜನ ಮುಗಿಬಿದ್ದು ಅಚ್ಚು ಹಾಕಿರಬೇಕು ಅಂದುಕೊಂಡಿರಾ? 1983ರಲ್ಲಿ ಕೆನಡಾದ ಒಂದು ಸಮ್ಮೇಳನದಲ್ಲಿ ಒಂದು ಪುಟದ ಸಾರಾಂಶ ಬಂತು. ಪೂರ್ತಿ ಲೇಖನಕ್ಕೆ ಜಾಗ ಸಿಗೋದು ಕಷ್ಟವಾಯಿತು. ಗೂಢಲಿಪಿಯವರಿಗೆ ಇದು ಭೌತಶಾಸ್ತ್ರ, ಭೌತಶಾಸ್ತ್ರದವರಿಗೆ ಇದು ಗೂಢಲಿಪಿ. ಆ ಹೊತ್ತಿಗೆ ಬ್ರಾಸಾರ್ ಅವರಿಗೆ ಬೆಂಗಳೂರಿನಿಂದ ಆಹ್ವಾನ ಬಂತು. ಐಇಇಇಯ ಅಂತರರಾಷ್ಟ್ರೀಯ ಸಮ್ಮೇಳನ. ವಿಷಯ ನಿಮ್ಮಿಷ್ಟ, ಬಂದು ಮಾತಾಡಿ ಅಂತ. ಯಾರ ಪರೀಕ್ಷೆಗೂ ಒಡ್ಡದೆ ತಮ್ಮಿಷ್ಟದ್ದನ್ನ ಹೇಳೋ ಅವಕಾಶ. ಅವರು ಇದನ್ನೇ ಆರಿಸಿಕೊಂಡರು.

1984ರ ಡಿಸೆಂಬರ್ ಅಂದರೆ ನೆನಪಿರೋರಿಗೆ ನೆನಪಿರುತ್ತೆ. ಇಂದಿರಾ ಗಾಂಧಿ ಹತ್ಯೆಯಾಗಿ ಒಂದು ತಿಂಗಳು ಕಳೆದಿತ್ತಷ್ಟೇ. ಭೋಪಾಲದ ಅನಿಲ ದುರಂತ ಆ ತಿಂಗಳ ಮೊದಲ ವಾರದ್ದು. ಕೊನೆಯ ವಾರ ಲೋಕಸಭಾ ಚುನಾವಣೆ. ಬೆಂಗಳೂರು ಇನ್ನೂ ಸಾಫ್ಟ್‌ವೇರ್ ಊರಾಗಿರಲಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದದ್ದು ಮರುವರ್ಷ. ಇದರ ನಡುವೆ ಆ ಐದು ಪುಟ ಸಮ್ಮೇಳನದ ಸಂಪುಟ ಸೇರಿತು. ಇಬ್ಬರ ಹೆಸರಿನ ಮೊದಲ ಅಕ್ಷರ, ಜೊತೆಗೆ ಇಸವಿ ಸೇರಿಸಿ ಜಗತ್ತು ಅದನ್ನ ಬಿಬಿ84 ಅಂತ ಕರೆಯೋದು.

ಆದರೂ ಬಹಳ ವರ್ಷ ಅದನ್ನ ಹೆಚ್ಚಿನವರು ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಬಾಯಿಮಾತಿಗಿಂತ ಪೆಟ್ಟಿಗೆ ಮಾಡಿ ತೋರಿಸೋದೇ ಸರಿ ಅಂತ 1989ರಲ್ಲಿ, ಸಮುದ್ರದಲ್ಲಿ ಭೇಟಿಯಾಗಿ ಹತ್ತು ವರ್ಷವಾದಾಗ, ಐಬಿಎಂ ಪ್ರಯೋಗಾಲಯದಲ್ಲಿ ಗೆಳೆಯರ ಜೊತೆ ಸೇರಿ ಯಂತ್ರ ಕಟ್ಟಿದರು. ಫೋಟಾನ್ ಸಾಗಿದ ದೂರ ಎಷ್ಟು ಗೊತ್ತಾ? ಸುಮಾರು 30 ಸೆಂಟಿಮೀಟರ್. ನಮ್ಮ ಸ್ಕೂಲಿನ ಅಡಿಕೋಲಿನಷ್ಟು! ಇನ್ನೊಂದು ತಮಾಷೆ ಕೇಳಿ. ಫೋಟಾನಿನ ದಿಕ್ಕು ಬದಲಿಸೋ ಭಾಗಕ್ಕೆ ವಿದ್ಯುತ್ ಕೊಡುವ ಉಪಕರಣ ಒಂದೊಂದು ದಿಕ್ಕಿಗೆ ಒಂದೊಂದು ಥರ ಸದ್ದು ಮಾಡ್ತಿತ್ತಂತೆ. ಕಿವಿ ಇದ್ದವರಿಗೆ ಕೀಲಿ ಕೇಳಿಸುತ್ತಿತ್ತು. ಕದಿಯೋನು ಕಿವುಡನಾಗಿದ್ದರೆ ಮಾತ್ರ ನಮ್ಮ ಯಂತ್ರ ಪೂರ್ತಿ ಭದ್ರ ಅಂತ ಬ್ರಾಸಾರ್ ಆಮೇಲೆ ತಮ್ಮನ್ನೇ ಗೇಲಿ ಮಾಡಿಕೊಂಡರು.

ನನ್ನಂಥ ಇಂಜಿನಿಯರಿಗೆ ಈ ಪ್ರಸಂಗ ಇಡೀ ಕಥೆಯಲ್ಲೇ ಮುಖ್ಯವಾದದ್ದು. ನಿಸರ್ಗದ ನಿಯಮ ಸುಳ್ಳಾಡಲ್ಲ, ನಾವು ಕಟ್ಟೋ ಪೆಟ್ಟಿಗೆ ಆಡುತ್ತೆ. 2010ರಲ್ಲಿ ನಾರ್ವೆಯ ಸಂಶೋಧಕರು ಮತ್ತು ಅವರ ಜೊತೆಗಾರರು ಮಾರುಕಟ್ಟೆಯಲ್ಲಿದ್ದ ಕ್ವಾಂಟಂ ಯಂತ್ರಗಳ ಮೇಲೆ ಜೋರು ಬೆಳಕು ಬಿಟ್ಟು, ಅದರ ಸಂವೇದಕಗಳ ಕಣ್ಣು ಕಟ್ಟಿ, ಸಿಕ್ಕಿಬೀಳದೆ ಕೀಲಿ ಕದಿಯೋದು ಸಾಧ್ಯ ಅಂತ ತೋರಿಸಿದರು. ಫೋನಿನ ಆ ತುದಿಯಲ್ಲಿರೋದು ಶಿವುವೇನಾ ಅನ್ನೋ ಖಾತ್ರಿಯನ್ನೂ ಫೋಟಾನ್ ಕೊಡಲ್ಲ, ಅದಕ್ಕೆ ಬೇರೆ ವ್ಯವಸ್ಥೆ ಬೇಕು. 'ಕ್ವಾಂಟಂ, ಆದ್ದರಿಂದ ಭದ್ರ' ಅಂತ ಯಾರಾದರೂ ಮಾರಲು ಬಂದರೆ ಆ ಸದ್ದು ಮಾಡೋ ಪೆಟ್ಟಿಗೆ ನೆನಪಿಟ್ಟುಕೊಳ್ಳಿ.

ಜಗತ್ತು ಇತ್ತ ತಿರುಗಿ ನೋಡಿದ್ದಕ್ಕೆ ದೊಡ್ಡ ಕಾರಣ 1994ರಲ್ಲಿ ಬಂತು. ಕ್ವಾಂಟಂ ಕಂಪ್ಯೂಟರ್ ಅನ್ನೋದು ದೊಡ್ಡದಾಗಿ ಕಟ್ಟಲು ಸಾಧ್ಯವಾದರೆ ಆರ್‌ಎಸ್‌ಎಯ ಆ ಕಷ್ಟದ ಲೆಕ್ಕ ಕಷ್ಟವಾಗಿ ಉಳಿಯಲ್ಲ ಅಂತ ಪೀಟರ್ ಶೋರ್ ತೋರಿಸಿದರು. ಅಂಥ ಕಂಪ್ಯೂಟರ್ ಬರೋವರೆಗೂ ಕಾಯಬೇಕಿಲ್ಲ. ಇವತ್ತಿನ ಗುಟ್ಟುಗಳನ್ನ ಈಗಲೇ ಕದ್ದು ಕೂಡಿಟ್ಟುಕೊಂಡು ನಾಳೆ ಬಿಚ್ಚಬಹುದು. ಅದಕ್ಕೇ ಅಮೆರಿಕದ ನಿಸ್ಟ್ ಸಂಸ್ಥೆ 2024ರಲ್ಲಿ ಹೊಸ ಗಣಿತದ ಬೀಗಗಳನ್ನ ಮಾನ್ಯ ಮಾಡಿತು. ಇನ್ನೊಂದು ಕಡೆ ಬಿಬಿ84ರ ಸಂತತಿಯೂ ಬೆಳೆಯಿತು. ಚೀನಾ 2016ರಲ್ಲಿ ಹಾರಿಸಿದ ಮಿಸಿಯಸ್ ಉಪಗ್ರಹದ ನೆರವಿನಿಂದ ಮರುವರ್ಷ ಬೀಜಿಂಗ್ ಮತ್ತು ವಿಯೆನ್ನಾ ನಡುವೆ ಗೂಢಲಿಪಿಯ ವಿಡಿಯೊ ಮಾತುಕತೆ ನಡೆಯಿತು. 30 ಸೆಂಟಿಮೀಟರ್ ಎಲ್ಲಿ, ಆ ಎರಡು ಊರುಗಳ ನಡುವಿನ ಸಾವಿರಾರು ಕಿಲೋಮೀಟರ್ ಎಲ್ಲಿ! 2021ರಲ್ಲಿ ಇಸ್ರೊ ಅಹಮದಾಬಾದಿನಲ್ಲಿ 300 ಮೀಟರ್ ದೂರ ಬಯಲಿನಲ್ಲಿ ಇದನ್ನ ಮಾಡಿ ತೋರಿಸಿತು. ನಮ್ಮ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಇದರ ಕೆಲಸ ನಡೀತಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು.

ದುಡ್ಡು ಬಂದದ್ದು ಒಳ್ಳೆಯದೇ. ಆದರೆ ಇಂಥ ಯೋಜನೆಯಲ್ಲಿ ಗುರಿ ಮೊದಲೇ ಬರೆದಿರುತ್ತೆ: ಇಷ್ಟು ಕಿಲೋಮೀಟರ್, ಇಷ್ಟು ಕ್ಯೂಬಿಟ್. ವೀಸ್ನರನ ನೋಟು ಯಾವ ಗುರಿಯೊಳಗೂ ಕೂರುತ್ತಿರಲಿಲ್ಲ. ಬೆನೆಟ್, ಬ್ರಾಸಾರ್ ಇಬ್ಬರಿಗೆ 2018ರಲ್ಲಿ ವುಲ್ಫ್ ಪ್ರಶಸ್ತಿ ಬಂತು. ವೀಸ್ನರ್ ಇಸ್ರೇಲಿಗೆ ಹೋಗಿ, ಕೊನೆಯ ಕಾಲದಲ್ಲಿ ತನ್ನಿಚ್ಛೆಯಿಂದಲೇ ಕಟ್ಟಡ ಕೆಲಸ ಮಾಡಿಕೊಂಡಿದ್ದು, 2021ರಲ್ಲಿ ತೀರಿಕೊಂಡ. ನಮ್ಮ ಆಫೀಸಿನ ಮೀಟಿಂಗುಗಳಲ್ಲಿ ಹೊಸ ಹುಡುಗರು ಏನಾದರೂ ವಿಚಿತ್ರ ಹೇಳಿದಾಗ 'ಇದರಿಂದ ಉಪಯೋಗ ಏನಪ್ಪಾ?' ಅಂತ ಕೇಳೋರ ಪೈಕಿ ನಾನೇ ಮೊದಲಿಗ. ಈ ಕಥೆ ಓದಿದ ಮೇಲೆ ಆ ಪ್ರಶ್ನೆ ಕೇಳೋ ಮುಂಚೆ ಐದು ನಿಮಿಷ ಬಾಯಿ ಮುಚ್ಚಿಕೊಂಡು ಕೂರೋದು ಕಲೀತಿದ್ದೀನಿ.

'ಕ್ವಾಂಟಂ ಗೂಢಲಿಪಿ ಹುಟ್ಟಿದ್ದು ನಮ್ಮ ಬೆಂಗಳೂರಲ್ಲಿ' ಅಂತ ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ದಯವಿಟ್ಟು ತಿದ್ದಿ. ಹುಟ್ಟಿದ್ದು ಬೇರೆ ಕಡೆ. ಬೇರೆಯವರು ಬಾಗಿಲು ತೆಗೆಯದೇ ಇದ್ದಾಗ ಇಲ್ಲಿ ಅದಕ್ಕೆ ಕೂರಲು ಜಾಗ ಕೊಟ್ಟರು, ಏನು ಎತ್ತ ಅಂತ ಕೇಳದೆ. ಅದೂ ಸಣ್ಣ ವಿಷಯ ಅಲ್ಲ ಬಿಡಿ.